ಮಕ್ಕಳ ಕೋಡಿಂಗ್ ಸ್ಪರ್ಧೆಯ ಹಳೇ ಸಾಫ್ಟ್‌ವೇರ್ ಲಿನಕ್ಸ್‌ಗೆ ಬರಬೇಕೇ? ಸ್ವಯಂಸೇವಕರನ್ನು ಹುಡುಕಿ ಕೆಲಸ ಮುಗಿಸುವ ಬಗೆ

ಮುಂಬೈ, ಪುಣೆ, ಗೋವಾದ ಕನ್ನಡ ಸಂಘಗಳ ಪದಾಧಿಕಾರಿಗಳು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಸ್ಕೂಲ್ ಮಕ್ಕಳಿಗೆ ಕೋಡಿಂಗ್ ಸ್ಪರ್ಧೆ ನಡೆಸ್ತೀವಿ. ಸಾಫ್ಟ್‌ವೇರ್ ಹಳೇದು, ವಿಂಡೋಸ್‌ದು. ಲ್ಯಾಬಿನವರು ಈಗ ಲಿನಕ್ಸ್ ಹಾಕಿದ್ದಾರೆ. ಪುಕ್ಕಟೆ ಮಾಡಿಕೊಡೋ ಹುಡುಗರು ಯಾರಾದರೂ ಇದ್ದಾರಾ?"

ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ಆದರೆ ಹುಡುಗರು ಸಿಗದೆ ನಿಂತ ಕೆಲಸ ಕಡಿಮೆ. ಹುಡುಗರು ಬಂದ ಮೇಲೆ ಅವರ ಕೈಗೆ ಏನು ಕೊಡಬೇಕು ಅಂತ ತಿಳಿಯದೆ ನಿಂತ ಕೆಲಸವೇ ಜಾಸ್ತಿ. ಅದಕ್ಕೇ ಈ ಲೇಖನದ ಅರ್ಧ ಭಾಗ ಹುಡುಕುವ ಮೊದಲಿನ ತಯಾರಿಯ ಬಗ್ಗೆ ಇದೆ. ಬೇಜಾರು ಮಾಡಿಕೊಳ್ಳದೆ ಅದನ್ನೂ ಓದಿ.

ಈ ಪ್ರಶ್ನೆ ಈಚೆಗೆ ಹೆಚ್ಚಾಗಿರುವುದಕ್ಕೆ ಕಾರಣವೂ ಇದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ದಾನವಾಗಿ ಬಂದ ಕಂಪ್ಯೂಟರ್‌ಗಳಿಂದ ನಡೆಯುವ ಶಾಲಾ ಲ್ಯಾಬಿನಲ್ಲಿ ಇದೆಲ್ಲ ಎಲ್ಲಿರುತ್ತದೆ? ಹೀಗಾಗಿ ಲ್ಯಾಬಿನವರು ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಕಡೆ, ಅದರಲ್ಲೂ ಉಬುಂಟು ಅನ್ನುವ ಅದರ ಒಂದು ಬಗೆಯ ಕಡೆ ಹೊರಟಿದ್ದಾರೆ. ಸಂಘದ ಸಾಫ್ಟ್‌ವೇರ್ ಹಿಂದೆಯೇ ಉಳಿದಿದೆ.

ಒಂದು ವ್ಯವಸ್ಥೆಗೆಂದು ಬರೆದ ಪ್ರೋಗ್ರಾಮನ್ನು ಇನ್ನೊಂದರಲ್ಲಿ ಓಡುವಂತೆ ತಿದ್ದುವುದಕ್ಕೆ ಪೋರ್ಟಿಂಗ್ ಅನ್ನುತ್ತಾರೆ. ಹೊಸದಾಗಿ ಬರೆಯುವುದಕ್ಕಿಂತ ಇದು ಸುಲಭ ಅಂತ ಅನ್ನಿಸುತ್ತದೆ. ಎಲ್ಲ ಸಲವೂ ಹಾಗಿರುವುದಿಲ್ಲ.

ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

- ಹಳೆಯ ಸಾಫ್ಟ್‌ವೇರಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ. ಡಬಲ್ ಕ್ಲಿಕ್ ಮಾಡಿದರೆ ಓಡುವ ಫೈಲ್ ಮಾತ್ರ ಇದ್ದರೆ ಅದರಿಂದ ಪೋರ್ಟಿಂಗ್ ಆಗುವುದಿಲ್ಲ.
- ಹಿಂದಿನ ಸ್ಪರ್ಧೆಗಳ ಸಮಸ್ಯೆಗಳು, ಅವುಗಳ ಟೆಸ್ಟ್ ಡೇಟಾ, ಸರಿ ಉತ್ತರದ ಪ್ರೋಗ್ರಾಮುಗಳು.
- ಸ್ಪರ್ಧೆಯ ನಿಯಮ ಬರೆದ ಒಂದು ಪುಟ.
- ಲಿನಕ್ಸ್ ಹಾಕಿದ ಒಂದು ಖಾಲಿ ಕಂಪ್ಯೂಟರ್, ಪ್ರಯೋಗಕ್ಕೆ.
- ಸಂಘದ ಕಡೆಯಿಂದ ಜವಾಬ್ದಾರಿ ಹೊರುವ ಒಬ್ಬರು. ಕೋಡಿಂಗ್ ಬರಬೇಕಿಲ್ಲ, ಫೋನ್ ಎತ್ತಿದರೆ ಸಾಕು.

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಸಮಿತಿಯಲ್ಲಿ ಯಾರನ್ನು ಬೇಕಾದರೂ ಕೇಳಿ" ಅಂದರೆ ಯಾರನ್ನೂ ಕೇಳುವ ಹಾಗಿಲ್ಲ ಅಂತಲೇ ಅರ್ಥ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ.

ಹಂತ 1: ನಿಜವಾಗಿ ಪೋರ್ಟ್ ಆಗಬೇಕಾದ್ದು ಯಾವುದು?

ಸ್ಪರ್ಧೆಯ ಸಾಫ್ಟ್‌ವೇರಿನಲ್ಲಿ ಮೂರು ಭಾಗ ಇರುತ್ತದೆ. ಮಕ್ಕಳು ಪ್ರಶ್ನೆ ನೋಡಿ ಪ್ರೋಗ್ರಾಂ ಸಲ್ಲಿಸುವ ಪುಟ ಒಂದು. ಸಲ್ಲಿಸಿದ್ದನ್ನು ಓಡಿಸಿ, ಉತ್ತರ ಹೋಲಿಸಿ, ಅಂಕ ಕೊಡುವ ಜಡ್ಜ್ ಎರಡನೆಯದು. ಪ್ರಶ್ನೆಗಳು ಮತ್ತು ಅವುಗಳ ಟೆಸ್ಟ್ ಡೇಟಾ ಮೂರನೆಯದು. ಟೆಸ್ಟ್ ಡೇಟಾ ಅಂದರೆ ಮಗುವಿನ ಪ್ರೋಗ್ರಾಮಿಗೆ ಕೊಡುವ ಇನ್‌ಪುಟ್ ಮತ್ತು ಬರಬೇಕಾದ ಔಟ್‌ಪುಟ್.

ಮೊದಲ ಎರಡನ್ನು ಜಗತ್ತಿನಲ್ಲಿ ಆಗಲೇ ಬರೆದಿಟ್ಟಿದ್ದಾರೆ, ಪುಕ್ಕಟೆ ಕೊಡುತ್ತಾರೆ. ಡಾಮ್‌ಜಡ್ಜ್ ಅನ್ನುವುದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಶುರುವಾಯಿತು. ಕಾಲೇಜು ಮಟ್ಟದ ಐಸಿಪಿಸಿ ಪ್ರೋಗ್ರಾಮಿಂಗ್ ಸ್ಪರ್ಧೆಗಳಲ್ಲಿ ಬಳಕೆಯಲ್ಲಿದೆ. ಸಿಎಂಎಸ್ ಅನ್ನುವುದು 2012ರಲ್ಲಿ ಇಟಲಿಯಲ್ಲಿ ನಡೆದ, ಶಾಲಾ ಮಕ್ಕಳ ಅಂತರರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆಯಾದ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ಗಾಗಿ ಬೆಳೆದ ವ್ಯವಸ್ಥೆ. ಎರಡೂ ಮುಕ್ತ ತಂತ್ರಾಂಶ, ಅಂದರೆ ಸೋರ್ಸ್ ಕೋಡ್ ಸಮೇತ ಸಿಗುವಂಥವು, ತಿದ್ದಿಕೊಳ್ಳಲೂ ಬಹುದು. ಎರಡೂ ಲಿನಕ್ಸ್ ಸರ್ವರ್ ಮೇಲೆ ಓಡುತ್ತವೆ. ಮಕ್ಕಳ ಕಂಪ್ಯೂಟರಿನಲ್ಲಿ ಬ್ರೌಸರ್ ಮತ್ತು ಪ್ರೋಗ್ರಾಂ ಬರೆದು ಓಡಿಸಿ ನೋಡಲು ಒಂದು ಕಂಪೈಲರ್ ಇದ್ದರೆ ಆಯಿತು. ಅದು ವಿಂಡೋಸ್ ಆಗಲಿ, ಉಬುಂಟು ಆಗಲಿ, ಜಡ್ಜ್‌ಗೆ ವ್ಯತ್ಯಾಸವಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮದು ಮಾಮೂಲಿ "ಪ್ರಶ್ನೆ ಕೊಡು, ಪ್ರೋಗ್ರಾಂ ಬರಿ, ಅಂಕ ತಗೋ" ಮಾದರಿಯ ಸ್ಪರ್ಧೆಯಾದರೆ ಹಳೆಯ ಸಾಫ್ಟ್‌ವೇರಿಗೆ ಕೈಮುಗಿದು ಬಿಡಿ. ಈ ಎರಡರಲ್ಲಿ ಒಂದನ್ನು ಹಾಕಿ. ಪೋರ್ಟ್ ಮಾಡಬೇಕಾದ್ದು ಮೂರನೇ ಭಾಗ, ಅಂದರೆ ಪ್ರಶ್ನೆ ಮತ್ತು ಟೆಸ್ಟ್ ಡೇಟಾ ಮಾತ್ರ. ಆರು ತಿಂಗಳಿನ ಕೆಲಸ ಆಗ ನಾಲ್ಕೈದು ಭಾನುವಾರಕ್ಕೆ ಇಳಿಯುತ್ತದೆ. ಬೇಕಾಗುವ ಜನರೂ ಕಡಿಮೆಯಾಗುತ್ತಾರೆ.

ಯಾವುದು ಆರಿಸಬೇಕು? ಐಸಿಪಿಸಿ ಪದ್ಧತಿಯಲ್ಲಿ ಮೂವರ ತಂಡಕ್ಕೆ ಒಂದು ಕಂಪ್ಯೂಟರ್. ಎಲ್ಲ ಟೆಸ್ಟ್ ಪಾಸಾದರೆ ಮಾತ್ರ ಲೆಕ್ಕ. ಡಾಮ್‌ಜಡ್ಜ್ ಬೆಳೆದಿದ್ದು ಈ ಪದ್ಧತಿಯ ಸುತ್ತ. ಒಲಿಂಪಿಯಾಡ್ ಪದ್ಧತಿಯಲ್ಲಿ ಒಬ್ಬೊಬ್ಬರೇ ಬರೆಯುತ್ತಾರೆ, ಪಾಸಾದಷ್ಟು ಟೆಸ್ಟ್‌ಗೆ ಅಷ್ಟು ಅಂಕ ಸಿಗುತ್ತದೆ. ಸಿಎಂಎಸ್ ಇದಕ್ಕೆ ಸರಿ. ಏಳು ಎಂಟನೇ ತರಗತಿಯ ಮಕ್ಕಳಿಗೆ ಭಾಗಶಃ ಅಂಕ ಇರುವುದೇ ಒಳ್ಳೆಯದು. ಮೂರು ಗಂಟೆ ಕೂತು ಸೊನ್ನೆ ತಗೊಂಡು ಮನೆಗೆ ಹೋದ ಮಗು ಮುಂದಿನ ವರ್ಷ ಬರುವುದಿಲ್ಲ. ಆದರೆ ಸಿಎಂಎಸ್ ಹಾಕುವುದು ಡಾಮ್‌ಜಡ್ಜ್‌ಗಿಂತ ಸ್ವಲ್ಪ ಕಿರಿಕಿರಿ. ಅನುಭವ ಇರುವ ಒಬ್ಬರು ಬೇಕು.

ನಿಜವಾಗಿ ಸಾಫ್ಟ್‌ವೇರನ್ನೇ ಪೋರ್ಟ್ ಮಾಡಬೇಕಾದ ಸಂದರ್ಭಗಳೂ ಇವೆ. ಮಕ್ಕಳು ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವುದು, ತೆರೆಯ ಮೇಲೆ ಆಮೆ ಓಡಿಸುವುದು, ಸಂಘದವರೇ ಮಾಡಿಸಿದ ಆಟ, ಇಂಥವು ಸಿದ್ಧ ಜಡ್ಜ್‌ಗಳಿಗೆ ಹೊಂದುವುದಿಲ್ಲ. ಅಂಥದ್ದಿದ್ದರೆ ಮುಂದಿನ ಎಲ್ಲ ಹಂತಗಳೂ ನಿಮಗೆ ಅನ್ವಯಿಸುತ್ತವೆ. ಸಮಯ ಮಾತ್ರ ಎರಡು ಪಟ್ಟು ಇಟ್ಟುಕೊಳ್ಳಿ.

ಹಂತ 2: ಕೋಡ್ ಯಾರದ್ದು ಅಂತ ವಿಚಾರಿಸಿ

ಸಂಘಕ್ಕಾಗಿ ಬರೆದಿದ್ದು, ಹಾಗಾಗಿ ಸಂಘದ್ದೇ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರೋಗ್ರಾಂ ಕೂಡ ಒಂದು ಬರಹ. ಪುಕ್ಕಟೆ ಬರೆದುಕೊಟ್ಟಿದ್ದರೂ ಹಕ್ಕು ಸಾಮಾನ್ಯವಾಗಿ ಬರೆದವರದ್ದೇ, ಅವರು ಲಿಖಿತವಾಗಿ ಬಿಟ್ಟುಕೊಟ್ಟಿದ್ದರೆ ಮಾತ್ರ ಬೇರೆ. ಬರೆದ ಹುಡುಗ ಈಗ ಅಮೆರಿಕದಲ್ಲಿದ್ದರೂ ಸರಿ, ಒಂದು ಇಮೇಲ್ ತರಿಸಿಕೊಳ್ಳಿ. "ಈ ಕೋಡನ್ನು ಬದಲಾಯಿಸಿ ಬಳಸಲು, ಮುಕ್ತ ಲೈಸೆನ್ಸಿನಡಿ ಹಂಚಲು ನನ್ನ ಒಪ್ಪಿಗೆ ಇದೆ" ಅಂತ ಎರಡು ಸಾಲು ಇದ್ದರೆ ಸಾಕು.

ಲೈಸೆನ್ಸ್ ಅಂದರೆ ಕೋಡನ್ನು ಯಾರು ಹೇಗೆ ಬಳಸಬಹುದು ಅನ್ನುವ ಷರತ್ತು. ಡಾಮ್‌ಜಡ್ಜ್ ಜಿಪಿಎಲ್ ಲೈಸೆನ್ಸಿನದು, ಸಿಎಂಎಸ್ ಎಜಿಪಿಎಲ್‌ನದು. ಎಜಿಪಿಎಲ್‌ನಲ್ಲಿ ಒಂದು ಕಟ್ಟುಪಾಡು ಇದೆ. ನೀವು ಅದನ್ನು ತಿದ್ದಿ ನೆಟ್‌ವರ್ಕ್ ಮೇಲೆ ಓಡಿಸಿದರೆ, ಬಳಸುವವರಿಗೆ ತಿದ್ದಿದ ಕೋಡ್ ಸಿಗುವಂತೆ ಮಾಡಬೇಕು. ಸ್ಪರ್ಧೆಗೆ ಇದರಿಂದ ತೊಂದರೆಯೇನಿಲ್ಲ. ಮುಚ್ಚಿಡಬೇಕಾದ್ದು ಟೆಸ್ಟ್ ಡೇಟಾ, ಕೋಡ್ ಅಲ್ಲ.

ಹಂತ 3: ಕೆಲಸವನ್ನು ತುಂಡು ತುಂಡು ಮಾಡಿ

ಈ ಹಂತ ಬಿಟ್ಟು ಮುಂದೆ ಹೋಗಬೇಡಿ. "ಸಾಫ್ಟ್‌ವೇರ್ ಪೋರ್ಟ್ ಮಾಡಿಕೊಡಿ" ಅಂದರೆ ಯಾವ ಸ್ವಯಂಸೇವಕನೂ ನಿಜ ಮನಸ್ಸಿನಿಂದ ಒಪ್ಪಿಕೊಳ್ಳಲಾರ. "ಈ ಎಂಟು ಪ್ರಶ್ನೆಗಳ ಉತ್ತರ ಪ್ರೋಗ್ರಾಮನ್ನು ಜಿಸಿಸಿಯಲ್ಲಿ ಓಡುವಂತೆ ಮಾಡಿ" ಅಂದರೆ ಒಪ್ಪುತ್ತಾನೆ. ಜಿಸಿಸಿ ಅಂದರೆ ಲಿನಕ್ಸ್‌ನ ಮಾಮೂಲಿ ಸಿ ಭಾಷೆಯ ಕಂಪೈಲರ್, ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ.

ಒಂದು ತುಂಡು ಅಂದರೆ ಒಬ್ಬರು ಎರಡು ಮೂರು ಗಂಟೆಯಲ್ಲಿ ಮುಗಿಸುವಂಥದ್ದು. ಗಿಟ್‌ಹಬ್ ಅಥವಾ ಗಿಟ್‌ಲ್ಯಾಬ್‌ನಲ್ಲಿ ಒಂದು ರೆಪೊಸಿಟರಿ ತೆರೆಯಿರಿ. ಕೋಡನ್ನು ಅದರ ಬದಲಾವಣೆಗಳ ಇತಿಹಾಸದ ಸಮೇತ ಇಡುವ ಕಪಾಟು ಅದು. ಪ್ರತಿ ತುಂಡನ್ನೂ ಅಲ್ಲಿ ಒಂದೊಂದು ಇಶ್ಯೂ ಆಗಿ ಬರೆಯಿರಿ. ಏನು ಆಗಬೇಕು, ಆಯಿತು ಅಂತ ಹೇಗೆ ಗೊತ್ತಾಗುತ್ತದೆ, ಯಾವ ಫೈಲಿನಲ್ಲಿ, ಇಷ್ಟಿದ್ದರೆ ಸಾಕು. ನಿಮಗೆ ಕೋಡಿಂಗ್ ಗೊತ್ತಿಲ್ಲದಿದ್ದರೆ ಈ ಪಟ್ಟಿ ಮಾಡಲು ಮಾತ್ರ ಅನುಭವಿ ಇಂಜಿನಿಯರ್ ಒಬ್ಬರ ಅರ್ಧ ದಿನ ಕೇಳಿ. ಅರ್ಧ ದಿನ ಕೊಡುವವರು ಸುಲಭವಾಗಿ ಸಿಗುತ್ತಾರೆ.

ವಿಂಡೋಸ್‌ನಿಂದ ಲಿನಕ್ಸ್‌ಗೆ ಬರುವಾಗ ಎಡವುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ. ಇವನ್ನು ಹಾಗೇ ನಿಮ್ಮ ಪಟ್ಟಿಗೆ ಹಾಕಿಕೊಳ್ಳಬಹುದು.

ಟರ್ಬೊ ಸಿ ಕಾಲದ ಕೋಡ್. ಟರ್ಬೊ ಸಿ ಅಂದರೆ ಹಳೆಯ ಒಂದು ಸಿ ಕಂಪೈಲರ್, ನಮ್ಮ ಕಡೆ ಕಾಲೇಜುಗಳಲ್ಲಿ ಬಹಳ ವರ್ಷ ಇದರಲ್ಲೇ ಪಾಠ ನಡೆಯಿತು. ಪರದೆ ಅಳಿಸುವ, ಕೀ ಒತ್ತುವವರೆಗೆ ಕಾಯುವ ಆದೇಶಗಳು ಕೋನಿಯೋ ಅನ್ನುವ ಲೈಬ್ರರಿಯಿಂದ ಬರುತ್ತವೆ. ಜಿಸಿಸಿಯಲ್ಲಿ ಅದು ಇಲ್ಲ. ಅವನ್ನು ಸುಮ್ನೆ ತೆಗೆದುಹಾಕಿದರೆ ಆಯಿತು. ಅಪಾಯ ಇರುವುದು ಇನ್ನೊಂದು ಕಡೆ. ಟರ್ಬೊ ಸಿಯಲ್ಲಿ ಇಂಟ್ ಅನ್ನುವ ಪೂರ್ಣಾಂಕ 16 ಬಿಟ್‌ನದು, ಗರಿಷ್ಠ 32767. ಜಿಸಿಸಿಯಲ್ಲಿ 32 ಬಿಟ್, ಗರಿಷ್ಠ 214 ಕೋಟಿಗೂ ಮೇಲೆ. 1ರಿಂದ 300ರವರೆಗೆ ಕೂಡಿಸಿದರೆ 45150 ಬರಬೇಕು. ಟರ್ಬೊದಲ್ಲಿ ಅದು ಮೈನಸ್ 20386 ಆಗಿ ಬರುತ್ತದೆ. ಹಳೆಯ "ಸರಿ ಉತ್ತರ"ದ ಫೈಲುಗಳಲ್ಲಿ ಇಂಥ ತಪ್ಪು ಉತ್ತರ ಕೂತಿರಬಹುದು. ಆದ್ದರಿಂದ ಉತ್ತರದ ಫೈಲುಗಳನ್ನು ನಕಲು ಮಾಡಬೇಡಿ, ಹೊಸದಾಗಿ ಹುಟ್ಟಿಸಿ. ಎರಡನ್ನೂ ಹೋಲಿಸಿ, ವ್ಯತ್ಯಾಸ ಇದ್ದಲ್ಲಿ ಕೈಯಲ್ಲಿ ಲೆಕ್ಕ ಮಾಡಿ ನೋಡಿ.

ಸಾಲಿನ ಕೊನೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಾಣದ ಎರಡು ಗುರುತು ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ. ಜಡ್ಜ್ ಅಕ್ಷರಕ್ಕೆ ಅಕ್ಷರ ಹೋಲಿಸುವಂಥದ್ದಾದರೆ ಸರಿ ಬರೆದ ಮಗುವಿಗೂ "ತಪ್ಪು ಉತ್ತರ" ಅನ್ನುತ್ತದೆ. ಡಾಸ್‌ಟುಯುನಿಕ್ಸ್ ಅನ್ನುವ ಚಿಕ್ಕ ಸಾಧನ ಎಲ್ಲ ಫೈಲುಗಳನ್ನೂ ಒಂದೇ ಏಟಿಗೆ ಸರಿ ಮಾಡುತ್ತದೆ.

ಫೈಲಿನ ಹೆಸರು. ದೊಡ್ಡಕ್ಷರ ಚಿಕ್ಕಕ್ಷರ ವಿಂಡೋಸ್‌ಗೆ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಎಲ್ಲ ಹೆಸರನ್ನೂ ಚಿಕ್ಕಕ್ಷರಕ್ಕೆ ತಂದುಬಿಡಿ.

ಲಾಂಗ್ ಅನ್ನುವ ಪೂರ್ಣಾಂಕ 64 ಬಿಟ್ ವಿಂಡೋಸ್‌ನಲ್ಲೂ 32 ಬಿಟ್ಟೇ, 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್. ಯಾದೃಚ್ಛಿಕ ಸಂಖ್ಯೆ ಕೊಡುವ ರ‍್ಯಾಂಡ್ ಫಂಕ್ಷನ್ ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ 32767ರಾಚೆ ಹೋಗುವುದಿಲ್ಲ, ಲಿನಕ್ಸ್‌ನಲ್ಲಿ ಹೋಗುತ್ತದೆ. ಶುರುವಿಗೆ ಅದೇ ಬೀಜಸಂಖ್ಯೆ (ಸೀಡ್) ಕೊಟ್ಟರೂ ಅದೇ ಟೆಸ್ಟ್ ಡೇಟಾ ಹುಟ್ಟುವುದಿಲ್ಲ.

ಪೈಥಾನ್ 2. ಪೈಥಾನ್ ಭಾಷೆಯ ಈ ಹಳೆಯ ಆವೃತ್ತಿಯ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. ಪೈಥಾನ್ 2ರಲ್ಲಿ 5ನ್ನು 2ರಿಂದ ಭಾಗಿಸಿದರೆ 2, ಪೈಥಾನ್ 3ರಲ್ಲಿ 2.5. ಪ್ರಿಂಟ್ ಆದೇಶ ಬರೆಯುವ ರೀತಿಯೂ ಬದಲಾಗಿದೆ, ಆದರೆ ಆ ತಪ್ಪು ಓಡಿಸಿದ ಕೂಡಲೇ ಸಿಕ್ಕಿಬೀಳುತ್ತದೆ. ಭಾಗಾಕಾರದ ತಪ್ಪು ಬಾಯಿಬಿಡುವುದಿಲ್ಲ.

ಕನ್ನಡ ಅಕ್ಷರ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪ್ರಶ್ನೆಗಳು, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತಿನ ಹತ್ತಿರ ಕೈ ಕೊಡುತ್ತವೆ. ಕನ್ನಡ ಚೆನ್ನಾಗಿ ಓದುವವರು ಒಮ್ಮೆ ಕಣ್ಣಾಡಿಸಲೇಬೇಕು. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟ್‌ಗಳು ಲಿನಕ್ಸ್‌ನಲ್ಲಿ ಇರುವುದಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿಸಿ.

ಜಡ್ಜ್ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳು ಕಳಿಸುವ ಪ್ರೋಗ್ರಾಂ ಮುಗಿಯದೆ ಸುತ್ತುತ್ತಿರಬಹುದು, ಮೆಮೊರಿ ಎಲ್ಲ ನುಂಗಬಹುದು, ತುಂಟ ಹುಡುಗನೊಬ್ಬ ಉತ್ತರದ ಫೈಲನ್ನೇ ಓದಲು ನೋಡಬಹುದು. ಅದನ್ನು ಬೇಲಿಯೊಳಗೆ ಓಡಿಸುವ ವ್ಯವಸ್ಥೆಗೆ ಸ್ಯಾಂಡ್‌ಬಾಕ್ಸ್ ಅನ್ನುತ್ತಾರೆ. ಉತ್ಸಾಹಿ ಸ್ವಯಂಸೇವಕರು "ನಾನೇ ಬರೀತೀನಿ ಸರ್" ಅನ್ನುತ್ತಾರೆ. ಬೇಡ ಅನ್ನಿ. ಸಿಎಂಎಸ್ ಬಳಸುವ ಐಸೊಲೇಟ್ ಅನ್ನುವುದು ಇದೇ ಕೆಲಸಕ್ಕೆಂದು ಬರೆದ ಮುಕ್ತ ಸಾಧನ. ಸಂಘದ್ದೇ ಜಡ್ಜ್ ಉಳಿಸಿಕೊಳ್ಳುವುದಾದರೂ ಬೇಲಿ ಮಾತ್ರ ಅದೇ ಇರಲಿ.

ಹಂತ 4: ಕರೆ ಬರೆಯಿರಿ

ಪೋಸ್ಟರ್ ಬೇಡ, ದೀಪದ ಚಿತ್ರ ಬೇಡ, "ತಾಯ್ನುಡಿಯ ಸೇವೆಗೆ ಬನ್ನಿ" ಅನ್ನುವ ಸಾಲೂ ಬೇಡ. ಎಷ್ಟು ಗಂಟೆ, ಯಾವಾಗ, ಏನು ಗೊತ್ತಿರಬೇಕು, ಏನು ಸಿಗುತ್ತದೆ, ಈ ನಾಲ್ಕು ಇರಲಿ. ಮಾದರಿ ಹೀಗಿರಬಹುದು:

"ನಮ್ಮ ಸಂಘ ಜನವರಿಯಲ್ಲಿ 7ರಿಂದ 9ನೇ ತರಗತಿಯ ಮಕ್ಕಳಿಗೆ ಕೋಡಿಂಗ್ ಸ್ಪರ್ಧೆ ನಡೆಸುತ್ತದೆ. ಹಿಂದಿನ ವರ್ಷಗಳ 40 ಪ್ರಶ್ನೆಗಳನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ತರಬೇಕಿದೆ. ಸಿ ಅಥವಾ ಪೈಥಾನ್ ಬಲ್ಲ 4 ಜನ ಬೇಕು. ಕನ್ನಡ ಬರಲೇಬೇಕು ಅಂತಿಲ್ಲ. ಒಬ್ಬೊಬ್ಬರಿಗೆ ಒಟ್ಟು 12 ಗಂಟೆ ಕೆಲಸ, ಜುಲೈ ಮತ್ತು ಆಗಸ್ಟ್‌ನಲ್ಲಿ, ಮನೆಯಿಂದಲೇ. ಒಂದು ಭಾನುವಾರ ಮಾತ್ರ ಎಲ್ಲರೂ ಒಂದೆಡೆ ಸೇರುತ್ತೇವೆ. ಸಂಬಳ ಇಲ್ಲ. ಓಡಾಟದ ಖರ್ಚು, ಊಟ, ಮಾಡಿದ ಕೆಲಸದ ವಿವರ ಇರುವ ಪತ್ರ ಕೊಡುತ್ತೇವೆ. ಕೆಲಸದ ಪಟ್ಟಿ ಈ ಕೊಂಡಿಯಲ್ಲಿದೆ."

ಮಾದರಿಯಲ್ಲಿ "ಸಂಬಳ ಇಲ್ಲ" ಅಂತ ಬಿಡಿಸಿ ಬರೆದಿದೆ ನೋಡಿ. ಅದನ್ನು ಮರೆಮಾಚಿದರೆ ಎರಡನೇ ವಾರಕ್ಕೆ ಮನಸ್ತಾಪ ಬರುತ್ತದೆ. "ಕನ್ನಡ ಬರಲೇಬೇಕು ಅಂತಿಲ್ಲ" ಅನ್ನುವುದೂ ಬೇಕಂತಲೇ ಬರೆದದ್ದು. ಕನ್ನಡಿಗರೇ ಆಗಬೇಕು ಅಂತ ಹಟ ಹಿಡಿದರೆ ಪಕ್ಕದ ಬಿಲ್ಡಿಂಗಿನ ಮರಾಠಿ ಹುಡುಗಿ, ಗುಜರಾತಿ ಹುಡುಗ ಕೈತಪ್ಪಿ ಹೋಗುತ್ತಾರೆ. ಕೋಡ್‌ಗೆ ಕನ್ನಡ ಬೇಡ. ಪ್ರಶ್ನೆಯ ಪಠ್ಯಕ್ಕೆ, ಪರದೆಯ ಮೇಲಿನ ಮಾತುಗಳಿಗೆ ಬೇಕು.

ಆ ಕೆಲಸಕ್ಕೆ ಬೇರೆಯೇ ಜನ ಇದ್ದಾರೆ. ಸಿಎಂಎಸ್‌ನ ಪರದೆಯ ಮಾತುಗಳೆಲ್ಲ ಒಂದು ಅನುವಾದ ಫೈಲಿನಲ್ಲಿ ಇರುತ್ತವೆ. ಪೋಎಡಿಟ್ ಅನ್ನುವ ಉಚಿತ ಸಾಧನದಲ್ಲಿ ತೆರೆದರೆ ಎಡಗಡೆ ಇಂಗ್ಲಿಷ್, ಪಕ್ಕದಲ್ಲೇ ಕನ್ನಡ ತುಂಬಬಹುದು. ನಿವೃತ್ತ ಕನ್ನಡ ಮೇಷ್ಟ್ರು, ಬ್ಯಾಂಕಿನಿಂದ ನಿವೃತ್ತರಾದ ಸಾಹಿತ್ಯಾಸಕ್ತರು ಪ್ರತಿ ಸಂಘದಲ್ಲೂ ಇದ್ದಾರೆ. ಅವರಿಗೆ ಇದನ್ನು ಕೊಡಿ. ಹುಡುಗರಿಗಿಂತ ಶಿಸ್ತಾಗಿ ಮುಗಿಸಿಕೊಡುತ್ತಾರೆ.

ಹಂತ 5: ಎಲ್ಲಿ ಹುಡುಕಬೇಕು

ಮೊದಲು ನಿಮ್ಮ ಕಪಾಟಿನಲ್ಲಿ. ಪ್ರತಿ ಸಂಘವೂ ವರ್ಷ ವರ್ಷ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ಕೊಡುತ್ತದಲ್ವಾ? ನಾಲ್ಕೈದು ವರ್ಷ ಹಿಂದಿನ ಪಟ್ಟಿ ತೆಗೆಯಿರಿ. ಅಂದು ಹತ್ತನೇ ತರಗತಿಯಲ್ಲಿ ಒಳ್ಳೇ ಅಂಕ ತಗೊಂಡು ಶಾಲು ಹೊದಿಸಿಕೊಂಡ ಮಕ್ಕಳಲ್ಲಿ ಅನೇಕರು ಇಂದು ಇಂಜಿನಿಯರಿಂಗ್ ಓದುತ್ತಿರುತ್ತಾರೆ. ಅವರ ತಂದೆ ತಾಯಿಯ ನಂಬರ್ ನಿಮ್ಮಲ್ಲೇ ಇದೆ. ಮುಂಬೈಯಲ್ಲಿ ಕರಾವಳಿ ಮೂಲದ ಸಮುದಾಯ ಸಂಘಗಳ ಬಳಿಯೂ ಇಂಥ ಪಟ್ಟಿಗಳಿವೆ. ಕೇಳಲು ಸಂಕೋಚ ಬೇಡ.

ಮುಂಬೈ: ಮಾಟುಂಗಾ ಹಳೆಯ ಕನ್ನಡ ಬೀಡು. ಮೈಸೂರು ಅಸೋಸಿಯೇಶನ್ ಅಲ್ಲೇ ಇದೆ. 1887ರಲ್ಲಿ ಶುರುವಾದ ವಿಜೆಟಿಐ ಇಂಜಿನಿಯರಿಂಗ್ ಕಾಲೇಜೂ ಅದೇ ಮಾಟುಂಗಾದಲ್ಲಿದೆ. ಕಾಲೇಜಿನ ಕೋಡಿಂಗ್ ಕ್ಲಬ್ ಅಥವಾ ಎಸಿಎಂ ಅನ್ನುವ ಕಂಪ್ಯೂಟರ್ ತಜ್ಞರ ಸಂಘದ ವಿದ್ಯಾರ್ಥಿ ಘಟಕಕ್ಕೆ ಬರೆಯಿರಿ. ಪ್ರಾಂಶುಪಾಲರಿಗೆ ಪತ್ರ ಕೊಟ್ಟು ಕಾದರೆ ಸೆಮಿಸ್ಟರ್ ಮುಗಿಯುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ. ಲ್ಯಾಬಿನ ಶಿಕ್ಷಕರಿಗೆ ಲಿನಕ್ಸ್ ಪರಿಚಯ ಮಾಡಿಸಲು ಅವು ಸಾಕು. ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ನಿಮ್ಮ ಸ್ಪರ್ಧೆಗೆ ಅಲ್ಲಿಯ ಮಕ್ಕಳನ್ನು ಕರೆಯುವುದಾದರೆ ಕನ್ನಡ ಪರದೆ ಅಲಂಕಾರಕ್ಕಲ್ಲ, ಅಗತ್ಯ.

ಪುಣೆ: ಮೂರು ಊರುಗಳಲ್ಲಿ ಹುಡುಕಾಟ ಸುಲಭ ಇರುವುದು ಇಲ್ಲೇ. ಹಿಂಜವಡಿ, ಖರಾಡಿ, ಮಗರ್‌ಪಟ್ಟಾದಲ್ಲಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಯ ಇಂಜಿನಿಯರುಗಳು ತುಂಬಿದ್ದಾರೆ. ಕನ್ನಡ ಸಂಘ ಪುಣೆ ತನ್ನದೇ ಕಾವೇರಿ ವಿದ್ಯಾಸಂಸ್ಥೆಗಳನ್ನು ನಡೆಸುತ್ತದೆ. ಪುಣೆ ಲಿನಕ್ಸ್ ಬಳಕೆದಾರರ ಗುಂಪು ಹಳೆಯದು, ಅಲ್ಲಿಯವರಿಗೆ ಪೋರ್ಟಿಂಗ್ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಲೋಹಿತ್ ಫಾಂಟ್‌ಗಳ ಕೆಲಸ ನಡೆದದ್ದು ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಪುಣೆ ಕಚೇರಿಯಲ್ಲಿ, ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನ ಕೇಂದ್ರ ಇರುವುದೂ ಇದೇ ಊರಲ್ಲಿ. ಭಾರತೀಯ ಭಾಷೆಗಳ ಅಕ್ಷರ ಪರದೆ ಮೇಲೆ ಮೂಡಿಸುವ ವಿದ್ಯೆ ಬಲ್ಲವರು ಬೇರೆ ಊರಿಗಿಂತ ಇಲ್ಲಿ ಜಾಸ್ತಿ.

ಗೋವಾ: ಜನ ಕಡಿಮೆ, ಒಪ್ಪಿಕೊಳ್ಳೋಣ. ವಾಸ್ಕೋ ಸುತ್ತ ಕನ್ನಡ ಕುಟುಂಬಗಳು ಜಾಸ್ತಿ, ಅದರ ಪಕ್ಕದ ಝುವಾರಿನಗರದಲ್ಲಿ ಬಿಟ್ಸ್ ಕ್ಯಾಂಪಸ್ ಇದೆ. ಫೋಂಡಾ ಹತ್ತಿರದ ಫರ್ಮಾಗುಡಿಯಲ್ಲಿ ಗೋವಾ ಇಂಜಿನಿಯರಿಂಗ್ ಕಾಲೇಜು ಇದೆ. ಉಳಿದವರನ್ನು ಬೆಳಗಾವಿ, ಕಾರವಾರದಿಂದ ಆನ್‌ಲೈನ್ ಸೇರಿಸಿಕೊಳ್ಳಿ.

ಎಲ್ಲ ಕಡೆಗೂ ಹೊಂದುವ ಒಂದು ಮಾತು. ಒಳ್ಳೇ ಪ್ರೋಗ್ರಾಮರ್‌ಗಿಂತ, ತಾನೇ ಇಂಥ ಸ್ಪರ್ಧೆಗಳಲ್ಲಿ ಭಾಗವಹಿಸಿದವರು ಈ ಕೆಲಸಕ್ಕೆ ಉತ್ತಮ. ಐಸಿಪಿಸಿ ಬರೆದವರು, ಕೋಡ್‌ಚೆಫ್ ಅನ್ನುವ ಆನ್‌ಲೈನ್ ಸ್ಪರ್ಧಾ ತಾಣದಲ್ಲಿ ವಾರ ವಾರ ಕೂರುವವರು. ಟೆಸ್ಟ್ ಡೇಟಾ ಎಲ್ಲಿ ಹಾಳಾಗುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ಸೇವೆ ತೋರಿಸಬೇಕು. ಕೋಡಿಂಗ್ ಕೆಲಸವನ್ನು ಅದರಲ್ಲಿ ಸೇರಿಸುತ್ತಾರಾ ಅಂತ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಮೊದಲೇ ಕೇಳಿ. ಒಪ್ಪಿದರೆ ಒಂದೇ ಸಲ ಐದಾರು ಜನ ಸಿಗುತ್ತಾರೆ. ಒಪ್ಪದಿದ್ದರೆ ವಿದ್ಯಾರ್ಥಿಗಳಿಗೆ ಆಸೆ ತೋರಿಸಬೇಡಿ.

ಹಂತ 6: ಹೂಂ ಅಂದವರಲ್ಲಿ ಬರುವವರನ್ನು ಆರಿಸಿ

ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಬರುವುದಿಲ್ಲ. ಇದರಲ್ಲಿ ಬೇಸರ ಪಡುವಂಥದ್ದೇನಿಲ್ಲ, ಸ್ವಯಂಸೇವೆ ಇರುವುದೇ ಹಾಗೆ. ಸಂದರ್ಶನ ಮಾಡಬೇಡಿ. ಒಂದು ಸಣ್ಣ ತುಂಡು ಕೊಡಿ, ಒಂದು ಪ್ರಶ್ನೆಯನ್ನು ಹೊಸ ಜಡ್ಜ್‌ಗೆ ತರುವಂಥದ್ದು. ವಾರದಲ್ಲಿ ತಂದುಕೊಟ್ಟವರೇ ನಿಮ್ಮ ತಂಡ. ತರದವರಿಗೆ ಥ್ಯಾಂಕ್ಸ್ ಹೇಳಿ ಬಿಟ್ಟುಬಿಡಿ, ಬೆನ್ನು ಹತ್ತಬೇಡಿ.

40 ಪ್ರಶ್ನೆಗಳ ಕೆಲಸಕ್ಕೆ ನಾಲ್ಕು ಜನ ಸಾಕು. ಒಬ್ಬರು ಹಿರಿಯ ಇಂಜಿನಿಯರ್ ಮುಂದಾಳು, ಇಬ್ಬರು ಕೋಡ್ ತಿದ್ದುವವರು, ಒಬ್ಬರು ಪರೀಕ್ಷಿಸುವವರು. ಇಪ್ಪತ್ತು ಜನ ಬಂದರೆ ಅವರನ್ನು ನಿಭಾಯಿಸುವುದೇ ಒಂದು ಕೆಲಸ ಆಗುತ್ತದೆ.

ಕೆಲಸದಲ್ಲಿರುವ ಇಂಜಿನಿಯರುಗಳಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ. "ನಿಮ್ಮ ಕಂಪನಿಯ ಒಪ್ಪಂದದಲ್ಲಿ ಹೊರಗಿನ ಕೋಡಿಂಗ್ ಬಗ್ಗೆ ಏನಿದೆ?" ಎಷ್ಟೋ ಐಟಿ ಕಂಪನಿಗಳ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ಅನುಮತಿ ಬೇಕು ಅಂತಿರುತ್ತದೆ. ನೌಕರ ಬರೆದ ಕೋಡ್ ಕಂಪನಿಯದೇ ಅನ್ನುವ ಸಾಲೂ ಕೆಲವದರಲ್ಲಿ ಇರುತ್ತದೆ. ಸಂಬಳವಿಲ್ಲದ ಕೆಲಸವಾದರೂ ಎಚ್‌ಆರ್‌ಗೆ ಒಂದು ಇಮೇಲ್ ಹಾಕಿ ಒಪ್ಪಿಗೆ ತಗೊಳ್ಳಲು ಹೇಳಿ. ಕಂಪನಿಯ ಲ್ಯಾಪ್‌ಟಾಪ್ ಬಳಸಲೇಬಾರದು.

ಎಐ ಸಾಧನಗಳನ್ನು ಬಳಸಬಹುದೇ ಅಂತ ಹುಡುಗರು ಕೇಳುತ್ತಾರೆ. ಹಳೆಯ ಕೋಡ್ ತಿದ್ದಲು ಬಳಸಲಿ, ಸಮಯ ಉಳಿಯುತ್ತದೆ. ಆದರೆ ಈ ವರ್ಷದ ಹೊಸ ಪ್ರಶ್ನೆಗಳನ್ನು ಅದರಲ್ಲಿ ಹಾಕಬಾರದು. ತಿದ್ದಿದ್ದನ್ನು ಓಡಿಸಿ, ಹಳೆಯ ಔಟ್‌ಪುಟ್ ಜೊತೆ ಹೋಲಿಸದೆ ಒಪ್ಪಿಕೊಳ್ಳಲೂಬಾರದು.

ಹಂತ 7: ಕ್ಯಾಲೆಂಡರ್ ನೋಡಿ ದಿನ ಇಡಿ

ಸ್ಪರ್ಧೆಯನ್ನು ರಾಜ್ಯೋತ್ಸವಕ್ಕೆ ಜೋಡಿಸಿ ನವೆಂಬರ್‌ನಲ್ಲಿ ಇಡುವುದು ರೂಢಿ. ಈ ಕೆಲಸಕ್ಕೆ ಅಷ್ಟು ಅನಾನುಕೂಲದ ತಿಂಗಳು ಇನ್ನೊಂದಿಲ್ಲ. ಅದಕ್ಕೆ ಮೊದಲು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಣೇಶೋತ್ಸವ. ಮುಂಬೈ, ಪುಣೆಯಲ್ಲಿ ಆ ಹತ್ತು ದಿನ ಯಾರೂ ಸಿಗುವುದಿಲ್ಲ, ಗೋವಾದಲ್ಲಿ ಚವತಿಗೆ ಎಲ್ಲರೂ ಊರ ಮನೆಗೆ ಹೋಗಿರುತ್ತಾರೆ. ಆಮೇಲೆ ನವರಾತ್ರಿ, ದೀಪಾವಳಿ. ನವೆಂಬರ್, ಡಿಸೆಂಬರ್‌ನಲ್ಲಿ ಇಂಜಿನಿಯರಿಂಗ್ ಪರೀಕ್ಷೆ. ಸ್ಪರ್ಧೆಯ ದಿನವೇ ಸ್ವಯಂಸೇವಕರು ಇಲ್ಲದಂತಾಗುತ್ತದೆ.

ನನ್ನ ಸಲಹೆ ಇಷ್ಟು. ಜೂನ್‌ನಲ್ಲಿ ಪಟ್ಟಿ ಮತ್ತು ಕರೆ. ಜುಲೈ, ಆಗಸ್ಟ್‌ನಲ್ಲಿ ಕೆಲಸ, ಮಳೆಗೆ ಲೋಕಲ್ ನಿಲ್ಲುವ ಕಾಲ, ಹಾಗಾಗಿ ಮನೆಯಿಂದಲೇ. ಗಣೇಶೋತ್ಸವದ ನಂತರ ಒಂದು ಭಾನುವಾರ ಎಲ್ಲರೂ ಸೇರಿ ಉಳಿದದ್ದು ಮುಗಿಸುವುದು. ಜನವರಿ ಎರಡನೇ ಅರ್ಧದಲ್ಲಿ ಸ್ಪರ್ಧೆ. ಒಂಬತ್ತನೇ ತರಗತಿವರೆಗಿನ ಮಕ್ಕಳಿಗೆ ಆಗ ಪರೀಕ್ಷೆಯ ಒತ್ತಡ ಕಡಿಮೆ.

ಭಾನುವಾರದ ಕೂಟಕ್ಕೆ ವೈಫೈ, ಪ್ಲಗ್ ಪಾಯಿಂಟ್, ಊಟ ಬೇಕು. ಉದ್ಘಾಟನೆ, ಹೂಗುಚ್ಛ, ಅಧ್ಯಕ್ಷರ ಭಾಷಣ ಬೇಡ. ಬೆಳಿಗ್ಗೆ ಹತ್ತಕ್ಕೆ ಬಂದವರು ಹತ್ತೂ ಕಾಲಿಗೆ ಕೋಡ್ ತೆರೆದಿರಬೇಕು. ಇನ್ನೊಂದು, ಮಧ್ಯೆ ಹೋಗಿ "ಹಾಗೇ ಸಂಘದ ವೆಬ್‌ಸೈಟೂ ಸ್ವಲ್ಪ ನೋಡಿಕೊಡಪ್ಪಾ" ಅನ್ನಬೇಡಿ. ಒಳ್ಳೇ ಹುಡುಗರು ಓಡಿಹೋಗುವುದು ಈ ಮಾತಿಗೇ.

ಹಂತ 8: ಗುಟ್ಟು ಕಾಯಿರಿ, ಅಣಕು ಸ್ಪರ್ಧೆ ನಡೆಸಿ

ಕೋಡ್ ಸಾರ್ವಜನಿಕ ರೆಪೊಸಿಟರಿಯಲ್ಲಿ ಇರಲಿ. ಈ ವರ್ಷದ ಪ್ರಶ್ನೆ ಮತ್ತು ಟೆಸ್ಟ್ ಡೇಟಾ ಬೇರೆಯೇ ಖಾಸಗಿ ರೆಪೊಸಿಟರಿಯಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಒಮ್ಮೆ ಸಾರ್ವಜನಿಕ ಜಾಗಕ್ಕೆ ಹೋದ ಫೈಲನ್ನು ಅಳಿಸಿದರೂ ಹಳೆಯ ಇತಿಹಾಸದಲ್ಲಿ ಉಳಿದಿರುತ್ತದೆ. ಹಾಗೇನಾದರೂ ಆದರೆ ಆ ಪ್ರಶ್ನೆಯನ್ನೇ ಬಿಟ್ಟು ಬೇರೆ ಹಾಕಿ. ತಮ್ಮನೋ ತಂಗಿಯೋ ಸ್ಪರ್ಧೆಯಲ್ಲಿರುವ ಸ್ವಯಂಸೇವಕರಿಗೆ ಹಳೆಯ ಪ್ರಶ್ನೆಗಳ ಕೆಲಸ ಮಾತ್ರ ಕೊಡಿ. ಮೊದಲೇ ನಿಯಮ ಮಾಡಿದರೆ ಯಾರಿಗೂ ನೋವಾಗುವುದಿಲ್ಲ.

ಮಕ್ಕಳ ಮಾಹಿತಿಯ ಬಗ್ಗೆಯೂ ಎಚ್ಚರ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ನೋಂದಣಿ ಫಾರಂನಲ್ಲೇ ಸಹಿ ತಗೊಳ್ಳಿ. ಜಡ್ಜ್‌ನಲ್ಲಿ ಮಗುವಿನ ಹೆಸರು, ಫೋನ್ ಹಾಕಬೇಡಿ. ಒಂದು ಕೋಡ್ ನಂಬರ್ ಕೊಡಿ, ಹೆಸರಿನ ಪಟ್ಟಿ ಕಾಗದದಲ್ಲಿ ಕಾರ್ಯದರ್ಶಿಗಳ ಬಳಿ ಇರಲಿ.

ಅಣಕು ಸ್ಪರ್ಧೆಯನ್ನು ಅದೇ ಲ್ಯಾಬಿನಲ್ಲಿ, ಅದೇ ಕಂಪ್ಯೂಟರುಗಳ ಮೇಲೆ ನಡೆಸಿ. ಸ್ವಯಂಸೇವಕರ ಹೊಸ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ್ದಕ್ಕೆ ಬೆಲೆ ಇಲ್ಲ. ಪ್ರತಿ ಪ್ರಶ್ನೆಗೂ ನಾಲ್ಕು ಬಗೆಯ ಪ್ರೋಗ್ರಾಂ ಸಲ್ಲಿಸಿ ನೋಡಿ. ಸರಿಯಾದದ್ದು, ತಪ್ಪು ಉತ್ತರದ್ದು, ಮುಗಿಯದೆ ಸುತ್ತುವುದು, ಕಂಪೈಲ್ ಆಗದ್ದು. ನಾಲ್ಕಕ್ಕೂ ಜಡ್ಜ್ ಬೇರೆ ಬೇರೆ ತೀರ್ಪು ಕೊಡಬೇಕು. ಸಮಯದ ಮಿತಿಯನ್ನು ಜಡ್ಜ್ ಓಡುವ ಯಂತ್ರದಲ್ಲೇ ಅಳೆದು ಇಡಿ, ಸರಿಯಾದ ಪ್ರೋಗ್ರಾಂ ತೆಗೆದುಕೊಳ್ಳುವ ಸಮಯದ ಮೂರು ಪಟ್ಟಾದರೂ ಇರಲಿ. ಪೈಥಾನ್ ನಿಧಾನ, ಅದಕ್ಕೆ ಬೇರೆ ಮಿತಿ ಬೇಕಾಗಬಹುದು. ಕೊನೆಗೆ ಎಲ್ಲ ಕಂಪ್ಯೂಟರಿನಿಂದ ಒಂದೇ ನಿಮಿಷದಲ್ಲಿ ಸಲ್ಲಿಸಿ ನೋಡಿ. ಸ್ಪರ್ಧೆಯ ಕಡೇ ಐದು ನಿಮಿಷದಲ್ಲಿ ಆಗುವುದು ಇದೇ.

ಹಂತ 9: ಸ್ಪರ್ಧೆ ಮುಗಿದ ವಾರ

ಸ್ವಯಂಸೇವಕರಿಗೆ ಪತ್ರ ಅದೇ ವಾರ ಕೊಡಿ. "ಅಮೂಲ್ಯ ಸೇವೆ ಸಲ್ಲಿಸಿದ್ದಾರೆ" ಅನ್ನುವ ಪತ್ರದಿಂದ ಅವರಿಗೆ ಏನೂ ಉಪಯೋಗವಿಲ್ಲ. "14 ಪ್ರಶ್ನೆಗಳ ಟೆಸ್ಟ್ ಡೇಟಾವನ್ನು ಲಿನಕ್ಸ್‌ಗೆ ತಂದರು, ಡಾಮ್‌ಜಡ್ಜ್ ಸರ್ವರ್ ಸ್ಥಾಪಿಸಿದರು, ಒಟ್ಟು ಇಷ್ಟು ಗಂಟೆ" ಅಂತ ಇದ್ದರೆ ಕೆಲಸದ ಸಂದರ್ಶನದಲ್ಲಿ ತೋರಿಸುತ್ತಾರೆ. ರೆಪೊಸಿಟರಿಯಲ್ಲೂ ಅವರ ಹೆಸರು ಇರಲಿ, ಅವರು ಒಪ್ಪಿದರೆ.

ಸರ್ವರ್, ರೆಪೊಸಿಟರಿ, ಡೊಮೇನ್, ಇವೆಲ್ಲ ಸಂಘದ ಇಮೇಲ್ ಹೆಸರಿನಲ್ಲಿ ಇರಬೇಕು. ಯಾವ ಹುಡುಗನ ಸ್ವಂತ ಖಾತೆಯಲ್ಲೂ ಬೇಡ. ಅವನು ಎಂಎಸ್ ಮಾಡಲು ಹೊರಟರೆ ಪಾಸ್‌ವರ್ಡ್ ಅವನ ಜೊತೆಗೇ ವಿಮಾನ ಹತ್ತುತ್ತದೆ. ಮುಂದಾಳು ಇಂಜಿನಿಯರ್ ಹತ್ತಿರ ಎರಡು ಪುಟ ಬರೆಸಿಕೊಳ್ಳಿ: ಸರ್ವರ್ ಮೊದಲಿನಿಂದ ಹಾಕುವುದು ಹೇಗೆ, ಹೊಸ ಪ್ರಶ್ನೆ ಸೇರಿಸುವುದು ಹೇಗೆ. ಬರೆದದ್ದನ್ನು ತಂಡದಲ್ಲಿ ಇಲ್ಲದ ಒಬ್ಬರಿಗೆ ಕೊಟ್ಟು ಖಾಲಿ ಕಂಪ್ಯೂಟರಿನ ಮುಂದೆ ಕೂರಿಸಿ. ಅವರು ಎಲ್ಲಿ ನಿಂತರೋ ಆ ಸಾಲನ್ನು ತಿದ್ದಿಸಿ, ಆಮೇಲೆ ಮುಂದಾಳುವನ್ನು ಬಿಡಿ.